ಮೈ ಕೊಡವದ ಹೋತ

ಭಾಲ್ಕಿಯ ಪಶು ಆಸ್ಪತ್ರೆಯಲ್ಲಿ ನನಗೆ ಹದಿನೆಂಟು ವರ್ಷ ಸರ್ವಿಸ್ ಆಗಿದೆ. ನಾನು ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವಳು. ಆದರೆ ಹಳ್ಳಿಯವರಿಗೆ ಸೂಜಿ ಹಿಡಿದವರೆಲ್ಲ ಡಾಕ್ಟರೇ. ಮನೆ ಬೀದರಿನಲ್ಲಿ, ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತೇನೆ. ವಾರಕ್ಕೆರಡು ಸಲವಾದರೂ ಮಟನ್ ತಿನ್ನುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದನ್ನು ಓದುತ್ತಾ ನೀವು ನನ್ನನ್ನು ಬೇರೆ ಯಾರೋ ಅಂದುಕೊಂಡೀರಿ.

ನಮ್ಮ ಆಸ್ಪತ್ರೆಯ ಗುಮಾಸ್ತರು ಶರಣರ ಮನೆತನದವರು. ಕೊರಳಲ್ಲಿ ಲಿಂಗ, ಊಟದ ಡಬ್ಬಿಯ ಹತ್ತಿರಕ್ಕೆ ಮೊಟ್ಟೆಯೂ ಸುಳಿಯುವಂತಿಲ್ಲ. ಮಧ್ಯಾಹ್ನ ಉಣ್ಣುತ್ತಾ ಕೂತಾಗ ನಗುನಗುತ್ತಲೇ ಚುಚ್ಚುತ್ತಿದ್ದರು. ಹಗಲು ಆಡಿನ ಕಾಲಿಗೆ ಪಟ್ಟಿ ಕಟ್ಟುತ್ತೀರಿ, ಮನೆಗೆ ಹೋಗಿ ಅದೇ ಕಾಲಿನ ಸಾರು ಕುಡಿಯುತ್ತೀರಿ, ನಿಮ್ಮ ಕೈಗೆ ಏನೂ ಅನ್ನಿಸುವುದಿಲ್ಲವೇ ಎಂದು ಕೇಳುತ್ತಿದ್ದರು. ನಾನೂ ಬಿಡುವವಳಲ್ಲ. ನಿಮ್ಮ ಚಹಾಕ್ಕೆ ಹಾಲು ಕೊಡುವ ಎಮ್ಮೆ ಹೋದ ವರ್ಷ ಹಾಕಿದ ಕೋಣಗರು ಈಗ ಎಲ್ಲಿದೆ, ಅದನ್ನಷ್ಟು ಹೇಳಿ ಅನ್ನುತ್ತಿದ್ದೆ. ಅವರು ಡಬ್ಬಿಯ ಮುಚ್ಚಳ ಹಾಕಿ ಎದ್ದುಬಿಡುತ್ತಿದ್ದರು.

ತಿನ್ನುವುದು ಬೇರೆ, ನೋಯಿಸುವುದು ಬೇರೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಪ್ರಾಣಿಗೆ ನೋವೇ ಇಲ್ಲ ಎನ್ನುವ ರೈತರಿಗೆ ಸರಿಯಾಗಿ ಬೈಯುತ್ತಿದ್ದೆ. ಆಡು ಅರಚಿದರೆ ಹಸಿವೆಯಾಗಿರಬಹುದು, ಗುಂಪನ್ನು ಕರೆಯುತ್ತಿರಬಹುದು. ಅರಚದೆ ಸುಮ್ಮನೆ ನಿಂತು ಹಲ್ಲು ಕಡಿಯುತ್ತಿದ್ದರೆ ಅದಕ್ಕೆ ನೋವಾಗುತ್ತಿದೆ ಎಂದು ತಿಳಿಯಿರಿ ಎಂದು ಎಷ್ಟು ಊರಿನಲ್ಲಿ ಹೇಳಿದ್ದೇನೋ. ಹೇಳಿ ಹೇಳಿ, ಈ ಭಾಗದಲ್ಲಿ ಪ್ರಾಣಿಯ ಮನಸ್ಸು ಗೊತ್ತಿರುವವಳು ನಾನೊಬ್ಬಳೇ ಎಂಬ ಸೊಕ್ಕೂ ಬಂದಿತ್ತು.

ಹೋದ ವರ್ಷ ನನ್ನ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿತು. ಬೀದರಿನ ಡಾಕ್ಟರು ಗರ್ಭಕೋಶವನ್ನೇ ತೆಗೆಯಬೇಕು, ಆಮೇಲೆ ಗಡ್ಡೆಯನ್ನು ಪರೀಕ್ಷೆಗೆ ಕಳಿಸಬೇಕು ಎಂದರು. ನನ್ನ ತವರು ಔರಾದ್ ತಾಲೂಕಿನಲ್ಲಿ, ಡಾಬಕಾದ ಕಡೆ. ಅಲ್ಲಿ ಅಣ್ಣನ ಜೊತೆ ಇರುವ ಅವ್ವನಿಗೆ ಸುದ್ದಿ ಮುಟ್ಟಿದ ದಿನವೇ ಅವಳು ಹೊಲದ ದೇವಿಗೆ ಒಂದು ಹೋತ ಬೇಡಿಕೊಂಡಳು. ನನಗಿಂತ ಮೊದಲು ಹುಟ್ಟಿದ ಒಬ್ಬ ಅಕ್ಕ ಒಂಬತ್ತನೆಯ ವಯಸ್ಸಿಗೇ ತೀರಿಕೊಂಡಿದ್ದಳು. ಆಗ ಅವಳ ಕಾಯಿಲೆಗೆ ಹೊತ್ತ ಹರಕೆಯನ್ನು ಮುಟ್ಟಿಸಲು ತಡಮಾಡಿದ್ದಕ್ಕೇ ದೇವಿ ಮಗಳನ್ನು ಕರೆದುಕೊಂಡಳು ಎಂದು ಅವ್ವ ನಲವತ್ತೈದು ವರ್ಷದಿಂದ ನಂಬಿದ್ದಾಳೆ. ಗಡ್ಡೆಯಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ರಿಪೋರ್ಟ್ ಬಂದ ದಿನ ನನ್ನ ಪಾಲಿಗೆ ಕಾಯಿಲೆ ಮುಗಿಯಿತು. ಅವ್ವನ ಪಾಲಿಗೆ ಹರಕೆ ಮುಟ್ಟುವವರೆಗೆ ಮುಗಿಯುವಂತಿರಲಿಲ್ಲ.

ನಮ್ಮ ಕಡೆ ಹರಕೆಯ ಹೋತವನ್ನು ಹಾಗೇ ಕೊಯ್ಯುವುದಿಲ್ಲ. ದೇವಿಯ ಮುಂದೆ ನಿಲ್ಲಿಸಿ ಬೆನ್ನಿಗೆ ನೀರು ಹಾಕುತ್ತಾರೆ. ಅದು ಮೈ ಕೊಡವಿದರೆ ದೇವಿ ಒಪ್ಪಿದಳು, ಹೋತವೂ ಒಪ್ಪಿತು ಎಂದರ್ಥ. ಅಲ್ಲಿಯವರೆಗೆ ಚೂರಿ ಹೊರಗೆ ಬರುವಂತಿಲ್ಲ. ಚಿಕ್ಕಂದಿನಿಂದಲೂ ನನಗೆ ಇದು ನಗು ಬರಿಸುವ ಸಂಗತಿ. ತಣ್ಣೀರು ಬಿದ್ದರೆ ಯಾವ ಪ್ರಾಣಿ ಮೈ ಕೊಡವುವುದಿಲ್ಲ? ನನ್ನ ಆಪರೇಷನ್‌ಗೆ ನಾಲ್ಕು ಕಡೆ ಸಹಿ ಹಾಕಿಸಿಕೊಂಡರು, ಹೋತದ ಸಹಿ ಒಂದು ತಂಬಿಗೆ ನೀರಿನಲ್ಲಿ ಮುಗಿಯುತ್ತದಲ್ಲ ಎಂದು ಅಣ್ಣನ ಮುಂದೆ ತಮಾಷೆ ಮಾಡಿದೆ. ಅಣ್ಣ ನಕ್ಕ. ಒಲೆಯ ಮುಂದೆ ಕೂತಿದ್ದ ಅವ್ವ ನಗಲಿಲ್ಲ.

ಆಪರೇಷನ್ ಆಗಿ ಎರಡು ತಿಂಗಳಿಗೆ ಒಂದು ಮಂಗಳವಾರ ಹರಕೆ ಇಟ್ಟುಕೊಂಡರು. ಹೋತವನ್ನು ಅಣ್ಣ ಹಿಂದಿನ ದಿನ ಸಂತೆಯಲ್ಲಿ ಹಿಡಿದು, ಟಂಟಂ ಆಟೋದಲ್ಲಿ ಹಾಕಿಕೊಂಡು ತಂದಿದ್ದ. ಕಪ್ಪು ಬಣ್ಣ, ಹಣೆಯ ಮೇಲೆ ಸ್ವಲ್ಪ ಕಂದು. ಹೊಲದ ಬದುವಿನ ಬೇವಿನ ಮರದ ಕೆಳಗೆ ದೇವಿಯ ಕಲ್ಲು. ಸುತ್ತಲೂ ಮೂವತ್ತು ಜನ ಭಾವುಬಂದರು, ಅಂದರೆ ದಾಯಾದಿಗಳು, ಆ ಕಡೆ ಮೂರು ಒಲೆ, ಬುಟ್ಟಿಯಲ್ಲಿ ರೊಟ್ಟಿ. ಊರಲ್ಲಿ ಯಾರ ಮನೆಯ ಹರಕೆಯಾದರೂ ಕೊಯ್ಯುವುದಕ್ಕೆ ಬರುವವರು ಒಬ್ಬ ಮುದುಕರು. ನಾವೆಲ್ಲ ಅವರನ್ನು ಚಾಚಾ ಅನ್ನುತ್ತೇವೆ. ಅವರು ಪ್ರಾಣಿಯ ಎದುರಿಗೆ ಚೂರಿ ಮಸೆಯುವುದಿಲ್ಲ, ಚೂರಿ ತೋರಿಸುವುದೂ ಇಲ್ಲ. ಮನೆಯಲ್ಲೇ ಮಸೆದು, ಬಟ್ಟೆಯಲ್ಲಿ ಸುತ್ತಿ, ಬೆನ್ನ ಹಿಂದೆ ಇಟ್ಟುಕೊಂಡು ದೂರ ಕೂತಿದ್ದರು.

ಹತ್ತು ಗಂಟೆಗೆ ಅಣ್ಣ ಮೊದಲ ತಂಬಿಗೆ ನೀರು ಹಾಕಿದ. ಹೋತ ಮಿಸುಕಲಿಲ್ಲ. ಎರಡನೆಯದು ಹಾಕಿದ. ಅರ್ಧ ಗಂಟೆ ಬಿಟ್ಟು ಇನ್ನೊಂದು. ನೀರು ಹೊಟ್ಟೆಯ ಕೂದಲಿನಿಂದ ತೊಟ್ಟಿಕ್ಕುತ್ತಿತ್ತು, ಅದು ನೆಟ್ಟ ಗೂಟದ ಹಾಗೆ ನಿಂತೇ ಇತ್ತು. ತಲೆಯ ಮೇಲೆ ಹಾಕಿ ಎಂದು ಒಬ್ಬರು, ಬೆಲ್ಲದ ನೀರು ಹಾಕಿ ಎಂದು ಇನ್ನೊಬ್ಬರು. ಹನ್ನೆರಡು ದಾಟಿದ ಮೇಲೆ ಸಲಹೆಗಳು ನಿಂತು ಪಿಸುಮಾತು ಶುರುವಾಯಿತು. ಏನೋ ತಪ್ಪಾಗಿದೆ, ಮನೆಯಲ್ಲಿ ಯಾರದೋ ಕೈಯಿಂದ ಏನೋ ಆಗಿದೆ ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವ್ವ ಬೆಳಗಿನಿಂದ ಉಪವಾಸವಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿರಲಿಲ್ಲ, ನೀರೂ ಮುಟ್ಟಿರಲಿಲ್ಲ. ಕಲ್ಲಿನ ಮುಂದೆ ಕೂತು ತನ್ನ ತಪ್ಪುಗಳನ್ನೆಲ್ಲ ಒಂದೊಂದಾಗಿ ಒಪ್ಪಿಸುತ್ತಿದ್ದಳು. ಹೋದ ಸಲ ಎಣ್ಣೆ ಕಡಿಮೆ ಬಿಟ್ಟದ್ದು, ಹರೆಯದಲ್ಲೆಂದೋ ಮುಟ್ಟಾದ ದಿನ ಹೊಲಕ್ಕೆ ಬಂದದ್ದು. ಕೊನೆಗೆ ನನ್ನ ಹೆಸರೂ ಬಂತು. ನನ್ನ ಮಗಳು ನಕ್ಕಿದ್ದಾಳೆ, ಅವಳಿಗೆ ಓದು ಬಂದಿದೆ, ತಿಳುವಳಿಕೆ ಬಂದಿಲ್ಲ, ಹೊಟ್ಟೆಗೆ ಹಾಕಿಕೋ ತಾಯಿ ಎಂದಳು.

ನಾನು ಹೋತವನ್ನು ನೋಡುತ್ತಿದ್ದೆ. ಹದಿನೆಂಟು ವರ್ಷದ ಅಭ್ಯಾಸ, ನೋಡಬೇಡ ಎಂದರೂ ಕಣ್ಣು ಬಿಡುವುದಿಲ್ಲ. ಮೂಗಿನ ಹೊಳ್ಳೆ ಅಗಲವಾಗಿದ್ದವು, ಕಿವಿ ಹಿಂದಕ್ಕೆ ಅಂಟಿಕೊಂಡಿದ್ದವು, ಹಿಂಗಾಲಿನ ತೊಡೆ ಸಣ್ಣಗೆ ಬಿಗಿಯುತ್ತಿತ್ತು. ದವಡೆ ಮೆಲ್ಲಗೆ ಆಡುತ್ತಿತ್ತು. ನೋಡಿ, ಮೆಲುಕು ಹಾಕುತ್ತಿದೆ, ಅದಕ್ಕೇನೂ ಹೆದರಿಕೆ ಇಲ್ಲ ಎಂದು ನನ್ನ ಪಕ್ಕದಲ್ಲಿದ್ದವಳು ಅಂದಳು. ಅದು ಮೆಲುಕು ಹಾಕುತ್ತಿರಲಿಲ್ಲ, ಹಲ್ಲು ಕಡಿಯುತ್ತಿತ್ತು. ಟಂಟಂನಲ್ಲಿ ಎಲ್ಲೋ ಪೆಟ್ಟಾಗಿರಬೇಕು. ಜೊತೆಗೆ ಹಿಂದಿನ ದಿನದಿಂದ ಇನ್ನೊಂದು ಆಡಿನ ಮುಖ ಕಂಡಿಲ್ಲ. ಹೆದರಿದ ಆಡು ಓಡುತ್ತದೆ. ಓಡಲು ದಾರಿ ಇಲ್ಲದಿದ್ದರೆ ಮರಗಟ್ಟಿ ನಿಲ್ಲುತ್ತದೆ. ಮೈ ಕೊಡವಬೇಕಾದರೆ ಮೈ ಸ್ವಲ್ಪವಾದರೂ ಸಡಿಲವಾಗಬೇಕು. ಅಲ್ಲಿದ್ದ ಮೂವತ್ತು ಜನರಲ್ಲಿ ಇದು ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ.

ನನ್ನ ಕಣ್ಣಿಗೆ ಆಗ ಅವ್ವ ಮಾತ್ರ ಇದ್ದಳು. ಇನ್ನೊಂದು ಗಂಟೆ ಹೀಗೇ ಹೋದರೆ ಅವಳು ಬೀಳುತ್ತಾಳೆ, ಬಿದ್ದರೆ ಔರಾದ್ ಆಸ್ಪತ್ರೆಗೆ ಕೊಂಡೊಯ್ಯುವಷ್ಟರಲ್ಲಿ ಏನಾಗುವುದೋ. ಅವಳು ಬೀಳದಿದ್ದರೂ ಹೋತ ಒಪ್ಪಲಿಲ್ಲ ಎಂದಾದರೆ, ಅವಳು ಬದುಕಿರುವಷ್ಟು ದಿನ ನನ್ನ ಪ್ರತಿ ತಲೆನೋವಿನಲ್ಲೂ ನನ್ನ ಸಾವನ್ನೇ ಕಾಣುತ್ತಾಳೆ. ಹೇಗೂ ಇದೊಂದು ಆಟ, ಹೇಗೂ ಅದನ್ನು ಕೊಯ್ಯುವುದೇ ಎಂದುಕೊಂಡೆ. ಉಸಿರು ನೋಡುತ್ತೇನೆ ಎಂದು ಎದ್ದೆ. ಡಾಕ್ಟರ್ ಅಲ್ಲವೇ, ಜನ ದಾರಿ ಬಿಟ್ಟರು. ಕೊಡದಲ್ಲಿ ಕೈ ಅದ್ದಿ, ಹೋತದ ಕತ್ತು ಹಿಡಿದು, ಅಂಗೈಯಲ್ಲಿದ್ದ ನೀರನ್ನು ಅದರ ಎಡಗಿವಿಯೊಳಕ್ಕೆ ಬಿಟ್ಟೆ. ಕಿವಿಯೊಳಗೆ ನೀರು ಹೋದರೆ ಸಾಯುತ್ತಿರುವ ಆಡೂ ತಡೆದುಕೊಳ್ಳುವುದಿಲ್ಲ. ಅದು ತಲೆಯಿಂದ ಬಾಲದವರೆಗೆ ಮೈ ಕೊಡವಿತು. ನನ್ನ ಮುಖಕ್ಕೆಲ್ಲ ನೀರು ಸಿಡಿಯಿತು.

ಜನ ಕೈಮುಗಿದು ಎದ್ದರು. ಹಲಗೆ ಬಡಿದರು. ಚಾಚಾ ಬಂದು ಹೋತದ ಕಣ್ಣನ್ನು ಅಂಗೈಯಿಂದ ಮುಚ್ಚಿದರು. ನಾನು ಇನ್ನೂ ಅದರ ಕತ್ತು ಹಿಡಿದುಕೊಂಡೇ ಇದ್ದೆ. ಅವರು ನನ್ನ ಕಡೆ ನೋಡದೆ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು:

"ಬೇಟಿ, ಅದರ ಕಿವಿ ಒರಸು. ಹೋಗೋ ಜೀವ, ಕಿವ್ಯಾಗ ನೀರ್ ಇಟ್ಕೊಂಡ್ ಯಾಕ ಹೋಗ್ಬೇಕು."

ಸೆರಗಿನ ತುದಿಯನ್ನು ಹೊಸೆದು ಕಿವಿಯೊಳಗೆ ತಿರುಗಿಸಿ ಒರೆಸಿದೆ. ಕಿವಿ ಬಿಸಿಯಾಗಿತ್ತು. ಒರೆಸುವಾಗ ಅದು ತಲೆಯನ್ನು ನನ್ನ ಕೈಗೆ ಸ್ವಲ್ಪ ವಾಲಿಸಿತು; ಆಸ್ಪತ್ರೆಗೆ ಬಂದ ಆಡುಗಳೂ ಕಿವಿ ಒರೆಸಿದರೆ ಹಾಗೆ ವಾಲಿಸುತ್ತವೆ. ಚಾಚಾ ಚೂರಿಯ ಒಂದೇ ಎಳೆತಕ್ಕೆ ಮುಗಿಸಿದರು. ಆದರೂ ಕಾಲಾಡುವುದು ನಿಲ್ಲಲು ಎಷ್ಟು ಹೊತ್ತಾಗುತ್ತದೆ ಎಂಬುದು ನನಗೆ ಗೊತ್ತು, ಆವತ್ತು ಅದನ್ನು ಪೂರ್ತಿ ನೋಡಿದೆ. ಸಂಜೆ ಐದು ಗಂಟೆಗೆ ಎಲ್ಲರೂ ಉಂಡರು. ಹರಕೆ ಯಾರದೋ ಅವರೇ ಮೊದಲ ತುತ್ತು ತಿನ್ನಬೇಕು. ಅವ್ವ ಎದುರಿಗೇ ನಿಂತಿದ್ದಳು, ತಿಂದೆ. ಸಾರು ರುಚಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ರುಚಿಯಾಗಿದ್ದಕ್ಕೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ಮೂರು ತಿಂಗಳು ಕಳೆದು ಡಾಕ್ಟರು ಮತ್ತೆ ಸ್ಕ್ಯಾನ್ ಮಾಡಿದರು. ಎಲ್ಲ ಸರಿಯಾಗಿದೆ ಎಂದರು. ಆ ರಿಪೋರ್ಟನ್ನು ಅವ್ವನಿಗೆ ತೋರಿಸೋಣವೆಂದು ಒಂದು ಭಾನುವಾರ ಊರಿಗೆ ಹೋದೆ. ಅಂಗಳದಲ್ಲಿ ಒಂದು ಹೊಸ ಹೋತದ ಮರಿ, ಅದರ ಜೊತೆಗೆ ಒಂದು ಹೆಣ್ಣಾಡು, ಎರಡನ್ನೂ ಕಟ್ಟಿರಲಿಲ್ಲ. ಇದೇನು ಎಂದು ಅಣ್ಣನನ್ನು ಕೇಳಿದೆ. ಅವ್ವನನ್ನೇ ಕೇಳು ಎಂದು ಅವನು ಹೊರಗೆ ಹೋದ. ಅವ್ವ ತೊಗರಿ ಹಸನು ಮಾಡುತ್ತಾ ಕೂತಿದ್ದಳು. ನಾನು ರಿಪೋರ್ಟ್ ಬಿಚ್ಚಿದೆ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

"ಡಾಕ್ಟ್ರು ನಿನಗ ನೋಡ್ಯಾರ. ನಾ ಆ ಹೋತಕ್ಕ ನೋಡೀನಿ," ಅಂದಳು. "ಅದು ಮೈ ಝಾಡಸಿಲ್ಲ. ನೀ ಝಾಡಸಿದಿ."

ನಾನು ರಿಪೋರ್ಟ್ ಮಡಚಿಟ್ಟೆ. ನೀನು ಬೀಳುತ್ತೀಯೆಂದು ಹೆದರಿ ಹಾಗೆ ಮಾಡಿದೆ ಎಂದೆ. ಅವಳು ಕೋಪ ಮಾಡಲಿಲ್ಲ. ಕೋಪ ಮಾಡಿದ್ದರೆ ಚೆನ್ನಾಗಿತ್ತು. ನಮ್ಮ ಆಯಿಯ, ಅಂದರೆ ಅಜ್ಜಿಯ, ಕಾಲದ ಸಂಗತಿಯೊಂದನ್ನು ಹೇಳಿದಳು. ಇಷ್ಟು ವರ್ಷದಲ್ಲಿ ನಾನು ಕೇಳಿಯೇ ಇರದ ಸಂಗತಿ. ಆಗ ಒಂದು ಹೋತ ಹೊತ್ತು ಮುಳುಗುವವರೆಗೂ ಮೈ ಕೊಡವಲಿಲ್ಲವಂತೆ. ಹಗ್ಗ ಬಿಚ್ಚಿ ಬಿಟ್ಟರಂತೆ. ಬಂದವರೆಲ್ಲ ಬೇಳೆ ಸಾರು ಉಂಡು ಹೋದರಂತೆ. ಅದು ನಮ್ಮ ಹೊಲದಲ್ಲೇ ಮೇದುಕೊಂಡು ಮುದಿಯಾಗಿ ಸತ್ತಿತಂತೆ.

"ಒಲ್ಲೆ ಅಂದದ್ದಕ್ಕ ಕೊಯ್ಯಬಾರ್ದು. ಅದಕ್ಕೇ ಅಲ್ಲೇನು ಕೇಳೋದು," ಅಂದಳು. "ಅವತ್ತ ಬಿಟ್ಟುಬಿಡ್ರಿ ಅಂತ ಹೇಳ್ಲಾಕ ಏಳ್ಲಾಕತ್ತಿದ್ದೆ. ಅಷ್ಟ್ರಾಗ ನೀ ಕೈ ಇಟ್ಟಿ."

ಮಂದಿಯ ಮುಂದೆ ಮಗಳ ಮಾನ ಹೋಗಬಾರದೆಂದು ಸುಮ್ಮನಾದೆ, ಹರಕೆ ಮಾತ್ರ ಮುಟ್ಟದೆ ಹಾಗೇ ಉಳಿಯಿತು ಎಂದೂ ಹೇಳಿದಳು. ಯಾವುದನ್ನು ಆಟ ಎಂದು ನಗಾಡುತ್ತಿದ್ದೆನೋ, ಅದರಲ್ಲಿ ಆ ಪ್ರಾಣಿಗೆ ಒಂದೇ ಒಂದು ಬಾಗಿಲು ಇಟ್ಟಿದ್ದರು. ಅದು ಹೆದರಿಕೆಯಿಂದಲೇ ಆಗಲಿ, ನೋವಿನಿಂದಲೇ ಆಗಲಿ, ನಾಲ್ಕು ತಾಸು ಆ ಬಾಗಿಲಲ್ಲಿ ನಿಂತಿತ್ತು. ಓದು ಬರದ ನನ್ನ ಅವ್ವ, ಮಗಳು ಸತ್ತಾಳೆಂಬ ಭಯದಲ್ಲೇ, ಅದನ್ನು ಬಿಡಲು ಏಳುತ್ತಿದ್ದಳು. ಹಲ್ಲು ಕಡಿಯುವುದರ ಅರ್ಥ ಗೊತ್ತಿದ್ದ ನಾನು ಬಾಗಿಲು ಹಾಕಿದೆ. ಅದನ್ನು ಕೊಂದದ್ದು ಚಾಚಾನ ಚೂರಿಯಲ್ಲ.

ಈ ಮರಿಯೂ ಮೈ ಕೊಡವದಿದ್ದರೆ ಏನು ಮಾಡುತ್ತೀ ಎಂದು ಕೇಳಿದೆ. ಬಿಡುತ್ತೇನೆ, ಮುಂದಿನ ವರ್ಷ ಇನ್ನೊಂದನ್ನು ಕೇಳುತ್ತೇನೆ ಎಂದಳು. ಅಲ್ಲಿಯವರೆಗೆ ನಿನ್ನ ಹೆದರಿಕೆಯ ಗತಿ ಏನು ಎಂದೆ.

"ಅಂಜಿಕಿ ನಂದು ಅದ. ಅದರದಲ್ಲ," ಅಂದಳು. ಮೊರ ಎತ್ತಿಕೊಂಡಳು. "ಈ ಸಲ ನೀ ಬರಬ್ಯಾಡವ್ವ."

ಮಟನ್ ಬಿಟ್ಟೆನೇ ಎಂದು ಕೇಳಿದರೆ, ಬಿಟ್ಟಿಲ್ಲ. ಕಡಿಮೆಯಾಗಿದೆ, ಅಷ್ಟೇ. ತಿನ್ನುವಾಗ ಯಾವ ಲೆಕ್ಕಾಚಾರವೂ ಈಗ ನನ್ನ ಕೈಹಿಡಿಯುವುದಿಲ್ಲ. ಮರಿ ಬೆಳೆದಿದೆ ಎಂದು ಅಣ್ಣ ಹೇಳುತ್ತಾನೆ. ಹರಕೆ ಯಾವ ಮಂಗಳವಾರ ಎಂದು ಅವ್ವ ಹೇಳುವುದಿಲ್ಲ, ಅವನಿಗೂ ಹೇಳಗೊಡುವುದಿಲ್ಲ. ಮಂಗಳವಾರ ಬಂತೆಂದರೆ ಭಾಲ್ಕಿಯಲ್ಲಿ ನನಗೆ ಕೆಲಸ ಸಾಗುವುದಿಲ್ಲ. ಹತ್ತು ಗಂಟೆಯಾಗುತ್ತಲೇ, ಈಗ ಅದು ಬೇವಿನ ಮರದ ಕೆಳಗೆ ಬೆನ್ನು ತೊಯ್ದುಕೊಂಡು ನಿಂತಿರಬಹುದು ಅನ್ನಿಸುತ್ತದೆ. ಒಪ್ಪುವುದೋ ಇಲ್ಲವೋ ಗೊತ್ತಿಲ್ಲ. ಅಲ್ಲಿ ನಾನಿಲ್ಲ ಎನ್ನುವುದೊಂದೇ ಅದರ ಪಾಲಿನ ಒಳ್ಳೆಯದು.