ಕರಾಟೆ ಅಂಗಿಗೆ ಸೆರಗೆಲ್ಲಿ?

ಕಳೆದ ಭಾನುವಾರ ಬಳ್ಳಾರಿಯಲ್ಲಿ ನಡೆದ ಕರಾಟೆ ಹಳದಿ ಬೆಲ್ಟ್ ಪರೀಕ್ಷೆಯಲ್ಲಿ ನನ್ನ ಹೆಂಡತಿ ಸುಮಂಗಲಾ ವರಸೆಯ ನಡುವೆಯೇ ನಿಂತುಬಿಟ್ಟಳು. ಕುರುಗೋಡಿನಲ್ಲಿ ಮಗಳನ್ನು ತರಗತಿಗೆ ಬಿಡಲು ಹೋಗುತ್ತಾ ತಾನೂ ಸೇರಿಕೊಂಡವಳು ಆಕೆ. ಏಟು ತಡೆಯಲು ಮೇಲೆತ್ತಿದ ಕೈ, ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಅವ್ವನನ್ನು ಕಂಡದ್ದೇ ತಲೆಯ ಮೇಲೆ ಸೆರಗು ಎಳೆದುಕೊಳ್ಳಲು ಹೋಯಿತು. ಮೈಮೇಲಿದ್ದದ್ದು ಕರಾಟೆಯ ಬಿಳಿ ಅಂಗಿ, ಪೈಜಾಮ.

“ಇನ್ನೊಂದ್ಸಲ ನಿಂತ್ರ ಫೇಲ್ ನೋಡ್ರಿ,” ಎಂದರು ಮಾಸ್ತರರು.

ಸುಮಂಗಲಾ ಮೊದಲಿನಿಂದ ಶುರು ಮಾಡಿದಳು. ಕೈ ಮೇಲೇರುವ ಹೊತ್ತಿಗೆ ಕಣ್ಣು ಮತ್ತೆ ಅತ್ತೆಯ ಕಡೆ ಹೊರಳಿತು.

“ಸೆರಗೆಲ್ಲೈತವ್ವಾ ಎಳಕೊಳ್ಳಾಕ? ತಗೋ, ನಾನು ಕಣ್ಣು ಮುಚ್ಕೊಂತೀನಿ, ನೀ ಒದಿ!” ಎಂದು ಅವ್ವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಇಡೀ ಸಭಾಂಗಣ ನಕ್ಕಿತು. ಸುಮಂಗಲಾ ಜೋರಾಗಿ ಕೂಗಿ ಒದ್ದು, ವರಸೆ ಮುಗಿಸಿದಳು. ಅವ್ವ ಅಷ್ಟನ್ನೂ ಬೆರಳ ಸಂದಿಯಿಂದ ನೋಡಿದಳು.

ತಾಯಿ, ಮಗಳು ಇಬ್ಬರೂ ಪಾಸಾದರು. ಸಂಜೆ ಮನೆಯಲ್ಲಿ ಸುಮಂಗಲಾ ತಲೆ ತುಂಬ ಸೆರಗು ಹೊದ್ದು ಬೆಲ್ಟನ್ನು ಅತ್ತೆಯ ಕೈಗೆ ಕೊಟ್ಟಳು. ಅದು ಈಗ ಅವ್ವನ ಟ್ರಂಕಿನಲ್ಲಿದೆ. ತರಗತಿ ಇರುವ ದಿನ ಅವ್ವನೇ ತೆಗೆದು ಸೊಸೆಯ ಸೊಂಟಕ್ಕೆ ಕಟ್ಟುತ್ತಾಳೆ.