ಪಕ್ಕದ ಸೀಟಿನ ಬ್ರೇಕು

ನನ್ನ ತಮ್ಮನಿಗೆ ಊರಲ್ಲಿ ಹೆಸರಿಗಿಂತ ಅಡ್ಡಹೆಸರೇ ಜಾಸ್ತಿ ನಡೆಯುತ್ತದೆ. ಬ್ರೇಕ್ ಮಾಸ್ತರ್. ಇಪ್ಪತ್ತಾರು ವರ್ಷದಿಂದ ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದಾನೆ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲಿನ ಹತ್ತಿರವೂ ಒಂದು ಬ್ರೇಕು ಇರುತ್ತದೆ, ಕಲಿಯುವವರು ಗಾಬರಿಬಿದ್ದರೆ ಕಲಿಸುವವನು ಒತ್ತಲಿ ಅಂತ. ಬೇರೆ ಮಾಸ್ತರುಗಳು ಅದನ್ನು ಅಪರೂಪಕ್ಕೆ ಒತ್ತುತ್ತಾರೆ. ಇವನ ಬಲಗಾಲು ಅದರ ಮೇಲಿಂದ ಇಳಿದದ್ದೇ ಇಲ್ಲ.

ಕಾರಿನಿಂದ ಇಳಿದ ಮೇಲೂ ಅದೇ ತಾಪತ್ರಯ. ಬಸ್ಸಿನಲ್ಲಿ ಕೂತರೆ ನೆಲ ಒತ್ತುತ್ತಾನೆ. ಲಿಫ್ಟಿನಲ್ಲಿ ನಿಂತರೂ ಒತ್ತುತ್ತಾನೆ. ಅವನ ಹೆಂಡತಿ ಹಾಲು ಬಗ್ಗಿಸುವಾಗ ಲೋಟ ಮುಕ್ಕಾಲು ತುಂಬಿತೋ ಇಲ್ಲವೋ, ಮೇಜಿನ ಕೆಳಗೆ ಟಕ್ ಅನ್ನುತ್ತದೆ. ಇನ್ನು ಮಾತಿನ ವಿಷಯ ಕೇಳಲೇಬೇಡಿ. ನಾನು "ನಾಳೆ ಡಾಕ್ಟರ ಹತ್ರ…" ಎಂದು ಬಾಯಿ ತೆಗೆದರೆ ಸಾಕು, "ಹೋಗ್ಬೇಕು, ಹಳೇ ಚೀಟಿ ಮರೀಬೇಡ" ಎಂದು ಅವನೇ ಮುಗಿಸುತ್ತಾನೆ. ಎದುರಿಗಿದ್ದವರು ತಡವರಿಸುವುದನ್ನು ಅವನ ಕೈಲಿ ನೋಡಲಾಗುವುದಿಲ್ಲ. ನಾನೋ, ಮೂವತ್ತೆರಡು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಬರೀ ತಡವರಿಸುವವರನ್ನೇ ನೋಡಿದವಳು. ಅವನ ಈ ಆತುರ ಕಂಡರೆ ನನಗೆ ಮೈ ಉರಿಯುತ್ತದೆ.

ಇಷ್ಟು ವರ್ಷದಲ್ಲಿ ಅವನ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಇದನ್ನು ಅವನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಅವನ ಶಿಷ್ಯರಲ್ಲಿ ಮುಕ್ಕಾಲು ಪಾಲು ಜನ ಲೈಸೆನ್ಸಿನ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾಗುತ್ತಿದ್ದರು, ಇದನ್ನು ಹೇಳುತ್ತಿರಲಿಲ್ಲ. ಪರೀಕ್ಷೆಯ ದಿನ ಪಕ್ಕದಲ್ಲಿ ಕೂರುವುದು ಇನ್‌ಸ್ಪೆಕ್ಟರು, ಅವರು ಏನನ್ನೂ ಒತ್ತುವುದಿಲ್ಲ. ಕಾರು ತಾನಾಗಿಯೇ ನಿಲ್ಲುತ್ತದೆ ಎಂಬ ರೂಢಿ ಬಿದ್ದವರು ನೆಟ್ಟಗೆ ಹೋಗಿ ಎದುರಿಗಿಟ್ಟ ಡ್ರಮ್ಮಿಗೆ ಗುದ್ದುತ್ತಾರೆ. "ಮಾಸ್ತರೇ, ನಿಮ್ಮವರಿಗೆ ಎಲ್ಲಾ ಬರುತ್ತೆ, ನಿಲ್ಸೋದೊಂದು ಬರಲ್ಲ" ಎಂದು ಇನ್‌ಸ್ಪೆಕ್ಟರು ಒಮ್ಮೆ ನಕ್ಕರಂತೆ. ಮನೆಗೆ ಬಂದು ಅದನ್ನು ತಮಾಷೆಯ ಹಾಗೆ ಹೇಳಿದ. ಮುಖ ಮಾತ್ರ ಸಪ್ಪಗಿತ್ತು.

ಅವನಿಗೆ ಒಬ್ಬಳೇ ಮಗಳು, ಶಾಲೆಯ ಕೊನೆಯ ವರ್ಷದಲ್ಲಿದ್ದಾಳೆ. ಮಾತು ಕಮ್ಮಿ. ಎಲ್ಲವನ್ನೂ ಅಪ್ಪನೇ ಮುಗಿಸಿಕೊಡುವ ಮನೆಯಲ್ಲಿ ಮಾತು ಬೆಳೆಯುವುದಾದರೂ ಹೇಗೆ? ಹಾಗಾಗಿ ಶಾಲೆಯ ನಾಟಕದಲ್ಲಿ ಅವಳಿಗೆ ರಾಜಕುಮಾರಿಯ ಪಾತ್ರ ಸಿಕ್ಕಿದೆ ಎಂದಾಗ ನಾವೆಲ್ಲ ಕಣ್ಣುಕಣ್ಣು ಬಿಟ್ಟೆವು. ನಾಟಕ ಹಳೆಯದು. ನಮ್ಮ ಕಾಲದಲ್ಲೂ ಪಠ್ಯಕ್ಕಿತ್ತು, ನಾವೂ ಬೈಸಿಕೊಂಡು ಬಾಯಿಪಾಠ ಮಾಡಿದ್ದೆವು. ಕೋಟೆಯ ಬಾಗಿಲನ್ನು ಶತ್ರುಗಳಿಗೆ ತೆರೆದವನು ಯುವರಾಜ. ಗೊತ್ತಾದರೆ ಅವನ ತಲೆ ಹೋಗುತ್ತದೆ. ತುಂಬಿದ ಸಭೆಯಲ್ಲಿ ಮುದಿ ರಾಜ, ತೆರೆದವರು ಯಾರು ಎಂದು ಕೇಳಿದಾಗ, ಅವನ ಅಕ್ಕ, ಈ ರಾಜಕುಮಾರಿ, ಎದ್ದು ನಿಂತು ತಮ್ಮನ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳುತ್ತಾಳೆ. "ಹೌದು, ಬಾಗಿಲು ತೆರೆದವಳು ನಾನೇ." ಇಡೀ ನಾಟಕ ನಿಂತಿರುವುದು ಆ ಒಂದು ಸಾಲಿನ ಮೇಲೆ.

ಒಂದು ತಿಂಗಳು ಅಪ್ಪ ಮಗಳು ಅಭ್ಯಾಸ ಮಾಡಿದ್ದು ಕಾರಿನಲ್ಲಿ. ಎರಡು ಪಾಠಗಳ ನಡುವಿನ ಬಿಡುವಿನಲ್ಲಿ ಕಾರನ್ನು ಶಾಲೆಯ ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸಿಕೊಳ್ಳುತ್ತಿದ್ದರು. ಚಾಲಕನ ಸೀಟಿನಲ್ಲಿ ಅವಳು, ಪಕ್ಕದಲ್ಲಿ ಪುಸ್ತಕ ಹಿಡಿದು ಇವನು. ಅವಳು ಎಲ್ಲಾದರೂ ಒಂದು ಚೂರು ತಡೆದರೆ ಇವನ ಕಾಲು ಟಕ್ ಎಂದು ಬ್ರೇಕು ಒತ್ತುತ್ತಿತ್ತು, ಬಾಯಿ ಮುಂದಿನ ಸಾಲು ಹೇಳುತ್ತಿತ್ತು. ಒಂದು ದಿನ ಊಟದ ಡಬ್ಬಿ ಕೊಡಲು ಹೋದ ನಾನು ಕಿಟಕಿಯಿಂದ ಇದನ್ನು ನೋಡಿ ಹೇಳಿದೆ, "ಅವಳೇ ನೆನಪು ಮಾಡ್ಕೊಳ್ಳಲಿ ಬಿಡೋ."

"ನಿಂಗೆ ಗೊತ್ತಾಗಲ್ಲಕ್ಕಾ," ಅಂದ. "ಎಲ್ಲರೆದುರಿಗೆ ಬಾಯಿ ಕಟ್ಟಿ ನಿಂತರೆ ಮಗೂಗೆ ಎಷ್ಟು ಅವಮಾನ!"

ನಾಟಕಕ್ಕೆ ಎರಡು ದಿನ ಇರುವಾಗ ಅವಳು ನನ್ನ ಮನೆಗೆ ಬಂದಳು. "ಅತ್ತೆ, ಸರ್ ಒಂದು ಹೊಸದು ಹೇಳ್ಕೊಟ್ಟಿದ್ದಾರೆ. ಆ ಸಾಲಿಗೆ ಮುಂಚೆ ನಾನು ಸುಮ್ನೆ ನಿಲ್ಬೇಕು. ಮನಸ್ಸಲ್ಲೇ ಹತ್ತರವರೆಗೆ ಎಣಿಸ್ಬೇಕು. ನಿನ್ನೆ ಮಾಡಿದಾಗ ತಮ್ಮನ ಪಾರ್ಟಿನವಳಿಗೆ ನಿಜವಾಗ್ಲೂ ಅಳು ಬಂತು." ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಅಪ್ಪಂಗೆ ಹೇಳ್ಬೇಡ. ಅಲ್ಲೇ ನೋಡಿ ಖುಷಿಪಡ್ಲಿ" ಎಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆಗಲೇ ನನಗೆ ಬುದ್ಧಿ ಓಡಬೇಕಿತ್ತು, ಓಡಲಿಲ್ಲ.

ಪ್ರದರ್ಶನ ಎರಡು ದಿನ, ಶುಕ್ರವಾರ ಮತ್ತು ಶನಿವಾರ ಸಂಜೆ. ತಮ್ಮನ ಹೆಂಡತಿಗೆ ಆಸ್ಪತ್ರೆಯಲ್ಲಿ ಎರಡೂ ದಿನ ಡ್ಯೂಟಿ. ಹಾಗಾಗಿ ನಾವಿಬ್ಬರೇ ಮೂರನೆಯ ಸಾಲಿನಲ್ಲಿ ಕೂತೆವು. ಅವನು ಇಸ್ತ್ರಿ ಮಾಡಿದ ಅಂಗಿ, ಪಾಲಿಷ್ ಹಾಕಿದ ಶೂ. ಶಾಲೆಯ ಸಭಾಂಗಣ ಎಂದರೆ ಪರೀಕ್ಷೆ ಬರೆಸುವ ದೊಡ್ಡ ಕೋಣೆ. ಟ್ಯೂಬ್‌ಲೈಟುಗಳನ್ನು ಪೂರ್ತಿ ಆರಿಸುವುದಿಲ್ಲ, ನಾಟಕದವರಿಗೆ ನಮ್ಮ ಮುಖವೂ ಕಾಣುತ್ತಿರುತ್ತದೆ. ಪರದೆ ಅರ್ಧಕ್ಕೆ ಸಿಕ್ಕಿಕೊಂಡಿತು. ರಾಜನ ಗಡ್ಡ ಒಂದು ಕಡೆ ಬಿಟ್ಟುಕೊಂಡಿತು. ಇಂಥದ್ದಕ್ಕೆಲ್ಲ ಜನ ನಕ್ಕು ಹಗುರಾಗಿ ಕೂತಿದ್ದರು. ನಮ್ಮ ಹುಡುಗಿ ಬಂದ ಮೇಲೆ ನಗು ನಿಂತಿತು. ಅಷ್ಟು ಚೆನ್ನಾಗಿ ಮಾಡುತ್ತಿದ್ದಳು.

ರಾಜ ಕೇಳಿದ. ಅವಳು ಎದ್ದು ನಿಂತಳು. ಸುಮ್ಮನೆ ನಿಂತಳು. ನನಗೆ ಗೊತ್ತಿತ್ತಲ್ಲ, ಒಳಗೊಳಗೇ ಎಣಿಸತೊಡಗಿದೆ. ಒಂದು, ಎರಡು, ಮೂರು. ಕೋಣೆಯಲ್ಲಿ ಕೆಮ್ಮೂ ಇಲ್ಲ. ನಾಲ್ಕಕ್ಕೆ ನನ್ನ ಪಕ್ಕದಲ್ಲಿ ಟಕ್ ಎಂದಿತು. ಅವನ ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ, ಎಣಿಸುತ್ತಾ ಕೂತೆ. ಐದಕ್ಕೆ ಅವನು ಅರ್ಧ ಎದ್ದು, ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಆ ಗಂಟಲಿನಲ್ಲಿ ಹೇಳಿದ:

"ಹೌದು, ಬಾಗಿಲು ತೆರೆದವಳು ನಾನೇ!"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ನಡುವಯಸ್ಸಿನ ಮೀಸೆಯ ಗಂಡಸು ಎದ್ದು ನಿಂತು ತಾನೇ ರಾಜಕುಮಾರಿ ಎಂದರೆ ಯಾರು ತಾನೇ ನಗುವುದಿಲ್ಲ? ಪಾಪ, ಹುಡುಗಿ ಅದೇ ಸಾಲನ್ನು ಮತ್ತೆ ಹೇಳಲೇಬೇಕಿತ್ತು. ಹೇಳಿದಳು. ನಗು ಇಮ್ಮಡಿಯಾಯಿತು. ಹಿಂದಿನಿಂದ ಯಾರೋ "ಇಬ್ರಲ್ಲಿ ಯಾರನ್ನ ಹಿಡ್ಕೊಂಡು ಹೋಗೋದು ಸ್ವಾಮಿ?" ಎಂದು ಕೂಗಿದರು.

ಮುಂದಿನದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಮುಂದಿನ ಎರಡು ಸಾಲಿನವರೂ ತಿರುಗಿ ನಮ್ಮ ಕಡೆ ನೋಡುತ್ತಿದ್ದರು. ಅವರಲ್ಲಿ ನನ್ನ ಕೌಂಟರಿಗೆ ಬರುತ್ತಿದ್ದವರೂ ಇದ್ದರು. ನಮ್ಮಿಬ್ಬರ ಕುರ್ಚಿಗಳ ನಡುವೆ ಇಟ್ಟಿದ್ದ ನನ್ನ ಬ್ಯಾಗನ್ನು ಎತ್ತಿ ಆಚೆ ಬದಿಗೆ ಇಟ್ಟುಕೊಂಡೆ. ಕುರ್ಚಿಯನ್ನೂ ಒಂದು ಗೇಣು ಸರಿಸಿದೆ. ಮತ್ತೆ ನಾನೂ ತಿರುಗಿ ಅವನನ್ನು ನೋಡಿದೆ, ಯಾರಪ್ಪಾ ಈ ಮನುಷ್ಯ ಅನ್ನುವ ಹಾಗೆ. ಬೆನ್ನಿಗೆ ಬಿದ್ದ ತಮ್ಮ, ನಾನೇ ಎತ್ತಿ ಆಡಿಸಿದವನು. ಅವನು ಯಾರ ಕಡೆಗೂ ನೋಡದೆ ತನ್ನ ಪಾಲಿಷ್ ಹಾಕಿದ ಶೂಗಳನ್ನು ನೋಡುತ್ತಾ ಕೂತಿದ್ದ. ಕಿವಿಗಳು ಕೆಂಪಾಗಿದ್ದವು.

ನಾಟಕ ಮುಗಿದ ಮೇಲೆ ಅವಳು ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಕೆನ್ನೆಯ ಬಣ್ಣವನ್ನೂ ತೊಳೆದುಕೊಂಡಿರಲಿಲ್ಲ. ಅವನು, "ಮಗಳೇ, ನೀನು ಮರೆತೆ ಅಂತ…" ಎಂದು ಶುರುಮಾಡಿದ. ಮುಗಿಸಲಾಗಲಿಲ್ಲ. ಬೇರೆಯವರ ಮಾತನ್ನೆಲ್ಲ ಮುಗಿಸುವವನಿಗೆ ತನ್ನದೊಂದು ವಾಕ್ಯ ಮುಗಿಯಲಿಲ್ಲ. ಆಗ ನಾನೇ ಅವನಿಗೆ ಆ ಹತ್ತು ಎಣಿಕೆಯ ವಿಷಯ ಹೇಳಿದೆ.

ಶನಿವಾರ ಬೆಳಿಗ್ಗೆ ಅವನ ಕಾರಿಗೆ ಮೊದಲ ಗೀರು ಬಿತ್ತು. ಕಲಿಯುತ್ತಿದ್ದ ಟೀಚರಮ್ಮ ಕಸದ ತೊಟ್ಟಿಯ ಕಡೆಗೆ ಹೋಗುತ್ತಾ "ಸರ್, ಬ್ರೇಕ್!" ಎಂದು ಕಿರುಚಿದರಂತೆ. ಇವನು "ನೀವೇ ಒತ್ತಿ" ಎಂದು ಕಾಲನ್ನು ಸೀಟಿನ ಕೆಳಕ್ಕೆ ಎಳೆದುಕೊಂಡನಂತೆ. ಒತ್ತಿದರು, ಒಂದು ಗಳಿಗೆ ತಡವಾಗಿ. ಆಮೇಲೆ ನನ್ನ ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. "ಇವತ್ತು ನಾನು ಬರಲ್ಲ ಅಕ್ಕ. ನೀನೊಬ್ಳೇ ಹೋಗು. ನಾನು ಮುಖ ಎಲ್ಲಿಡ್ಲಿ?"

ಮಗಳು ಅವನ ಹಿಂದೆಯೇ ಬಂದಿದ್ದಳು, ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಬರ್ಲೇಬೇಕು ಅಪ್ಪ," ಅಂದಳು. "ನಿನ್ನ ಕುರ್ಚಿ ಖಾಲಿ ಇದ್ರೆ ಎಲ್ಲರೂ ಅದನ್ನೇ ನೋಡ್ತಾರೆ. ಅದೇ ಜಾಗದಲ್ಲಿ ಕೂತ್ಕೋ. ಆದ್ರೆ ಏನಾದ್ರೂ ಆಗ್ಲಿ, ನಾನು ಬಿದ್ದೇ ಹೋಗ್ಲಿ, ನೀನು ಬಾಯಿ ಬಿಡ್ಬಾರ್ದು. ಇವತ್ತೂ ನಕ್ಕರೆ ನಾನು ಇನ್ನು ಸ್ಟೇಜ್ ಹತ್ತಲ್ಲ."

ಬಂದ. ಅದೇ ಮೂರನೆಯ ಸಾಲು, ಅದೇ ಕುರ್ಚಿ. ಶುಕ್ರವಾರದ ಕಥೆ ಊರಿಡೀ ಹರಡಿತ್ತು. ನಾವು ಕೂರುವಾಗಲೇ ಗುಸುಗುಸು ಎದ್ದಿತು. ಬಾಗಿಲ ಅಂಕ ಬರುತ್ತಿದ್ದಂತೆ ಅವನು ಬಗ್ಗಿ ಶೂ ಬಿಚ್ಚಿದ. ಆಮೇಲೆ ಎರಡೂ ಕಾಲನ್ನು ಎತ್ತಿ ಆ ಇಕ್ಕಟ್ಟು ಕುರ್ಚಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ, ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಹಿಂದಿನವರು ಕಿಸಕ್ಕೆಂದರು. ಅವನು ಅಲುಗಾಡಲಿಲ್ಲ.

ರಾಜ ಕೇಳಿದ. ಅವಳು ಎದ್ದು ನಿಂತಳು. ನಗಲು ತಯಾರಾದ ತಲೆಗಳೆಲ್ಲ ನಮ್ಮ ಕಡೆ ತಿರುಗಿದವು. ಅವಳ ಬಾಯಿಂದ ಅಲ್ಲ, ಅವನ ಬಾಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದರು. ನಾನು ಎಣಿಸಿದೆ. ಹತ್ತಾಯಿತು. ಹನ್ನೆರಡಾಯಿತು. ಹದಿನೈದೂ ಆಯಿತು. ಅವಳ ಕಣ್ಣು ಆ ಕಡೆ ಈ ಕಡೆ ಅಲೆಯುತ್ತಿತ್ತು. ಇದು ನಾಟಕವಲ್ಲ, ಹುಡುಗಿ ನಿಜವಾಗಿಯೂ ಮರೆತಿದ್ದಳು. ನನ್ನ ತುಟಿಯ ತುದಿಗೇ ಸಾಲು ಬಂದಿತ್ತು, ನನ್ನ ಬಾಯಿಗೆ ಬಂದದ್ದು ಅವನಿಗೆ ಬಂದಿರದೆ ಇರುತ್ತದೆಯೇ? ನೋಡಿದೆ. ಬಾಯಿ ಮುಚ್ಚಿದ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದಿದ್ದ, ಕಣ್ಣಲ್ಲಿ ನೀರು. ಕಾಲು ಮಾತ್ರ ಮಡಚಿದ ಹಾಗೇ ಇತ್ತು. ಅವಳೂ ಅವನನ್ನೇ ನೋಡಿದಳು, ಅವನ ಆ ಮಡಚಿದ ಕಾಲುಗಳನ್ನು. ತಿರುಗಿದ್ದ ತಲೆಗಳು ಒಂದೊಂದಾಗಿ ವೇದಿಕೆಯ ಕಡೆಗೆ ಹೋದವು.

"ಹೌದು," ಅಂದಳು ಮೆಲ್ಲಗೆ. "ಬಾಗಿಲು ತೆರೆದವಳು ನಾನೇ."

ಯಾರೂ ನಗಲಿಲ್ಲ. ಕೊನೆಗೆ ಚಪ್ಪಾಳೆ ಬಿದ್ದಾಗ ಅವನು ಶೂ ಹಾಕಿಕೊಳ್ಳುವುದನ್ನೂ ಮರೆತು ಎದ್ದು ನಿಂತಿದ್ದ.

ಮನೆಗೆ ಹೋಗುವಾಗ ಅವಳು ಮುಂದಿನ ಸೀಟಿನಲ್ಲಿ ಕೂತಳು, ನಾನು ಹಿಂದೆ. "ಅಪ್ಪ, ನಿಜವಾಗ್ಲೂ ಮರೆತೋಗಿತ್ತು," ಅಂದಳು.

"ಗೊತ್ತಾಯ್ತು."

"ನೀನು ಹೇಳ್ತೀಯೇನೋ ಅಂತ ಕಾದೆ. ಹೇಳಲ್ಲ ಅಂತ ಖಾತ್ರಿ ಆದ್ಮೇಲೆ ನೆನಪಾಯ್ತು."

ಅವನು ನಕ್ಕ. ಅವಳೂ ನಕ್ಕಳು. ನನ್ನ ಮನಸ್ಸೂ ಹಗುರಾಗುತ್ತಿತ್ತು. ಅಷ್ಟರಲ್ಲಿ ಅವಳು ಹಿಂದಕ್ಕೆ ತಿರುಗಿದಳು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳುವುದಕ್ಕೆ ಅನ್ನುವ ಹಾಗೆ ಕೇಳಿದಳು: "ಅತ್ತೆ, ಸ್ಟೇಜ್ ಮೇಲಿಂದ ಎಲ್ಲಾ ಕಾಣುತ್ತೆ. ನಿನ್ನೆ ಎಲ್ಲರೂ ನಗ್ತಿದ್ದಾಗ ನೀನು ಬ್ಯಾಗ್ ಎತ್ಕೊಂಡು ಅಪ್ಪನಿಂದ ಆಚೆ ಸರಿದೆಯಲ್ಲ, ಯಾಕೆ?"

"ಅದು… ನಾನು…" ಎಂದು ತಡವರಿಸಿದೆ.

ಕಾರಿನೊಳಗೆ ಟಕ್ ಅನ್ನಲಿಲ್ಲ. ಆದರೆ ಕನ್ನಡಿಯಲ್ಲಿ ನನ್ನ ಕಡೆ ನೋಡದೆ, ರಸ್ತೆಯ ಮೇಲೆಯೇ ಕಣ್ಣಿಟ್ಟು ಅವನು ನನ್ನ ಮಾತು ಮುಗಿಸಿಕೊಟ್ಟ. "ಕನ್ನಡಕ ಹುಡುಕ್ತಿದ್ದಳು ಕಣೇ. ಬ್ಯಾಗಲ್ಲಿ ಯಾವತ್ತೂ ಕೈಗೆ ಸಿಗಲ್ಲ ಅದು. ಸಿಕ್ತೇನಕ್ಕಾ?"

ಅವನಿಗೆ ಎಲ್ಲ ಗೊತ್ತಿತ್ತು. ನಾನು ತಲೆ ತಗ್ಗಿಸಿ ಬ್ಯಾಗಿನೊಳಗೆ ಕೈ ಹಾಕಿ ಹುಡುಕತೊಡಗಿದೆ, ಮನೆ ಬರುವವರೆಗೂ ಹುಡುಕುತ್ತಲೇ ಇದ್ದೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು.