ತೂಗಿ ನೋಡದ ಒಂದು ಗಂಟು

ನಾನು ಕಂಡ ಸಮುದ್ರವೆಂದರೆ ಹೆಸರಿನಲ್ಲಿ ಮಾತ್ರ ಸಮುದ್ರವಿರುವ ಶಿವನಸಮುದ್ರದ ಹೊಳೆ. ಹುಟ್ಟಿದ್ದು, ಮದುವೆಯಾದದ್ದು ಎರಡೂ ಕೊಳ್ಳೇಗಾಲದಲ್ಲೇ. ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಆದರೂ ಕಡಲಿನ ಮೀನಿಗೆ ಗಾಳ ಕಟ್ಟುವ ಕೆಲಸ ನನ್ನ ಕೈಗೆ ಬಂತು. ಅದರ ಜೊತೆಗೇ ಬಂದ ಭಯ ಇನ್ನೂ ಪೂರ್ತಿ ಹೋಗಿಲ್ಲ.

ನಮ್ಮದು ರೇಷ್ಮೆ ಮಗ್ಗದ ಮನೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿದಿರುವ ಎಳೆಗಳೇ ಹಾಸು. ಮುಗಿಯುತ್ತ ಬಂದ ಹಾಸಿನ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುವುದು ನನ್ನ ಕೆಲಸ. ಬೆರಳಿಗೆ ಚಿಟಿಕೆ ಬೂದಿ ಮುಟ್ಟಿಸಿಕೊಂಡು ಕೂತರೆ ಒಂದು ಹಾಸು ಮುಗಿಯಲು ದಿನಗಟ್ಟಲೆ ಹಿಡಿಯುತ್ತದೆ. ಮಹಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದವರು ಯಳಂದೂರಿನ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಕರಾವಳಿಯ ಕಡೆಯವರು. ರಜೆಗೆ ಊರಿಗೆ ಹೋದಾಗ ಬಂಡೆಯ ಮೇಲೆ ನಿಂತು, ಎರಡಾಳುದ್ದದ ಕೋಲಿನಿಂದ ಗಾಳವನ್ನು ದೂರಕ್ಕೆ ಬೀಸುವುದೇ ಅವರಿಗಿದ್ದ ಒಂದು ಆಸೆ. ಸಂಜೆ ಮೆಟ್ಟಿಲ ಮೇಲೆ ಕೂತು ಗಾಳ ಕಟ್ಟುತ್ತಿದ್ದರು. ದಪ್ಪ ಬೆರಳು, ಗಂಟು ಕೂರುತ್ತಿರಲಿಲ್ಲ. ಒಂದು ದಿನ ನೋಡಲಾರದೆ ಇಲ್ಲಿ ಕೊಡಿ ಎಂದು ಇಸಿದುಕೊಂಡೆ. ಮೀನು ಮುಟ್ಟದ ಹೊಸ ಗಾಳವಾದರೆ ಒಳಗೆ ಬರಲಿ ಎಂದು ಅತ್ತೆಯೂ ಒಪ್ಪಿದರು.

ಮಾರುದ್ದದ ದಪ್ಪ ನೈಲಾನ್ ದಾರ. ಮೇಲಿನ ತುದಿಗೆ ತಿರುಗುವ ಕೊಂಡಿ, ಕೆಳತುದಿಗೆ ಸೀಸದ ಗುಂಡು, ನಡುವೆ ಕವಲಿನಂತೆ ಎರಡು ಸಣ್ಣ ದಾರ, ಅವುಗಳಿಗೆ ಗಾಳ. ಹೀಗೆ ಕಟ್ಟಿದ ಒಂದೊಂದರಲ್ಲೂ ಆರೇಳು ಗಂಟು. ರೇಷ್ಮೆಯನ್ನು ಒಣಗಿದ ಬೂದಿಯಲ್ಲಿ ಹೊಸೆಯಬೇಕು. ನೈಲಾನನ್ನು ಎಂಜಲಿನಲ್ಲಿ ನೆನೆಸಿಯೇ ಬಿಗಿಯಬೇಕು. ಒಣಗಿದ್ದಾಗ ಎಳೆದರೆ ದಾರ ಉಜ್ಜಿ ಬಿಸಿಯಾಗಿ, ಒಳಗೇ ಸತ್ತುಹೋಗುತ್ತದೆ ಎಂದು ಮೇಷ್ಟ್ರು ಹೇಳಿಕೊಟ್ಟರು. ಬಿಟ್ಟುಹೋದ ದಾರದ ತುದಿ ನೋಡುವುದನ್ನೂ ಕಲಿಸಿದರು: ಕಡಿದುಹೋದದ್ದು ನೆಟ್ಟಗಿರುತ್ತದೆ, ಗಂಟು ಜಾರಿದ್ದು ಸುರುಳಿ ಸುತ್ತಿಕೊಂಡಿರುತ್ತದೆ.

ಗಂಟು ಬಿಟ್ಟರೆ ಒಂದು ಮೀನು ಹೋಗುತ್ತದೆ ಅಷ್ಟೇ ಅಲ್ಲವೇ ಎಂದು ನಾನು ಕೇಳಿದೆ. ಮೇಷ್ಟ್ರು ಗುಂಡನ್ನು ನನ್ನ ಅಂಗೈಯಲ್ಲಿಟ್ಟರು. ನೋಡಲು ಚಿಕ್ಕದು, ತೂಕ ಮಾತ್ರ ಕೈಯನ್ನು ಜಗ್ಗಿತು. ಬೀಸುವಾಗ ದಾರ ಬಿಟ್ಟರೆ ಇದು ಕವಣೆ ಕಲ್ಲಿನಂತೆ ಹೋಗುತ್ತದೆ, ಹೀಗೇ ಒಬ್ಬರ ದವಡೆ ಮುರಿದದ್ದನ್ನು ಕಂಡಿದ್ದೇನೆ ಎಂದರು. ಅಂದಿನಿಂದ ಕಟ್ಟಿದ ಪ್ರತಿಯೊಂದನ್ನೂ ಕಿಟಕಿಯ ಸರಳಿಗೆ ನೇತುಹಾಕಿ, ಕೆಳಗೆ ಅರ್ಧ ಬಕೆಟ್ ನೀರು ತೂಗಿಬಿಟ್ಟು, ನೂರೆಂಟು ಎಣಿಸಿದ ಮೇಲೆಯೇ ಡಬ್ಬಕ್ಕೆ ಹಾಕುತ್ತಿದ್ದೆ.

ಒಂದು ಶುಕ್ರವಾರ ಸಂಜೆ ಆರು ಕಟ್ಟಿದೆ. ಆರನೆಯದು ಮುಗಿಯುವ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂತು. ನಮ್ಮ ಬೀದಿಗೆ ನೀರು ಬರುವುದೇ ನಾಲ್ಕು ದಿನಕ್ಕೊಮ್ಮೆ. ಬಕೆಟ್ಟನ್ನೂ ತೆಗೆದುಕೊಂಡು ಓಡಿದೆ. ಹಿಂದಿರುಗಿ ಬಂದವಳು ಆರನ್ನೂ ಸುತ್ತಿ ಮೇಷ್ಟ್ರಿಗೆ ಕೊಟ್ಟೆ.

ಮರುದಿನ ಮಧ್ಯಾಹ್ನ ಹಾಸಿನ ಮುಂದೆ ಕೂತಿದ್ದಾಗ ಬೆರಳು ತಟ್ಟನೆ ನಿಂತಿತು. ಆರನೆಯದನ್ನು ನಾನು ತೂಗಿರಲಿಲ್ಲ. ಎಂಜಲು ಹಚ್ಚಿದ್ದೆನೋ ಇಲ್ಲವೋ, ಅದೂ ನೆನಪಾಗಲಿಲ್ಲ. ಶನಿವಾರ ಶಾಲೆ ಮುಗಿದ ಮೇಲೆ ಮೇಷ್ಟ್ರು ಯಳಂದೂರಿನಾಚೆ ಒಣಗಿದ ಕೆರೆಯಂಗಳದಲ್ಲಿ ಬೀಸಿ ಅಭ್ಯಾಸ ಮಾಡುತ್ತಿದ್ದರು. ಫೋನು ಮಾಡಿದೆ, ಎತ್ತಲಿಲ್ಲ. ಐದಾರು ಸಲ ಮಾಡಿದೆ. ಯಜಮಾನರು ಹನೂರಿಗೆ ಹೋಗಿದ್ದರು. ಸೆರಗಿಗೆ ಕೈ ಒರೆಸಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಬಸ್ಸು ಮಾಂಬಳ್ಳಿಯಲ್ಲಿ ಜನ ಹತ್ತಿಸಿಕೊಳ್ಳಲು ನಿಂತಾಗ ಇಳಿದು ಓಡಿಬಿಡೋಣ ಅನ್ನಿಸಿತು. ಎದುರಿನ ಸೀಟಿನಲ್ಲಿದ್ದವರ ಕೆನ್ನೆ, ಹಣೆ, ಕಿವಿಯ ಹಿಂದಿನ ಮೆತ್ತನೆಯ ಜಾಗ, ಇವುಗಳನ್ನೇ ನೋಡುತ್ತ ಕೂತಿದ್ದೆ.

ಆಟೋ ಇಳಿದು ಕೆರೆಯ ಏರಿ ಹತ್ತಿದೆ. ಮೇಷ್ಟ್ರು ದೂರದಲ್ಲಿ ಆಚೆಗೆ ಮುಖ ಮಾಡಿ ನಿಂತಿದ್ದರು. ಗಾಳದ ಮೊನೆಗಳಿಗೆ ಬೆಂಡು ಚುಚ್ಚಿದ್ದರಂತೆ. ಗುಂಡಿಗೆ ಏನು ಚುಚ್ಚುವುದು? ಅವರ ಬಲಗಡೆ, ಬಹಳ ಮುಂದಕ್ಕೆ, ಒಬ್ಬ ಹೆಂಗಸು ಹುಲ್ಲು ಕೊಯ್ಯುತ್ತಿದ್ದಳು. ಅವಳು ಬೀಸುವ ನೇರಕ್ಕಿರಲಿಲ್ಲ ನಿಜ. ದಾರ ಬಿಟ್ಟ ಗುಂಡು ನೇರವಾಗಿಯೇ ಹೋಗಬೇಕೆಂದು ಎಲ್ಲಿದೆ? ಮೇಷ್ಟ್ರೇ ಎಂದು ಕೂಗಿದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಅವರು ಕೋಲೆತ್ತಿದರು.

ಚಾಟಿ ಹೊಡೆದಂತೆ ಸದ್ದಾಯಿತು. ಕೋಲು ಹಗುರವಾಗಿ ಮೇಷ್ಟ್ರು ಮುಗ್ಗರಿಸಿದರು. ಗುಂಡು ಎತ್ತ ಹೋಯಿತೋ ನಾನು ನೋಡಲಿಲ್ಲ, ಹೆಂಗಸನ್ನೇ ನೋಡುತ್ತಿದ್ದೆ. ಅವಳು ಕುಸಿದಳು.

ಏರಿಯಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ಹತ್ತಿರ ಹೋದಾಗ ಅವಳು ಕುಕ್ಕರಗಾಲಲ್ಲಿ ಕೂತು ಕಿವಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ರಕ್ತವಿರಲಿಲ್ಲ.

“ಕಿವಿ ತಾವ ಏನೋ ಜುಯ್ ಅಂತ ಓಯ್ತು ಕಣವ್ವ,” ಎಂದಳು. “ದುಂಬಿ ಅಂದ್ಕಂಡು ಕೂತ್ಬುಟ್ಟಿ.”

ಅವಳ ಹಿಂದೆ ಎರಡು ಮಾರು ದೂರದಲ್ಲಿ ನೆಲದಲ್ಲೊಂದು ಸಣ್ಣ ತೂತು ಕಾಣಿಸಿತು. ಕುಡುಗೋಲಿನಿಂದ ಬಗೆದೆವು. ಗುಂಡು ಗೇಣುದ್ದ ಒಳಗೆ ಹೋಗಿತ್ತು.

ಮೇಷ್ಟ್ರು ದಾರ ಸುತ್ತಿಕೊಳ್ಳುತ್ತಲೇ ಓಡಿಬಂದರು. ಮುಖದಲ್ಲಿ ಬಣ್ಣವಿರಲಿಲ್ಲ. ಕಲ್ಲಿಗೆ ತಾಗಿ ಸವೆದಿರಬೇಕು ಅಕ್ಕ ಎಂದು ನನ್ನನ್ನು ನೋಡದೆಯೇ ಹೇಳಿದರು. ಗುಂಡು ಕಟ್ಟಿದ್ದ ತುದಿಯನ್ನು ಅವರ ಕೈಯಿಂದ ತೆಗೆದುಕೊಂಡೆ. ಹಂದಿಯ ಬಾಲದಂತೆ ಸುರುಳಿ ಸುತ್ತಿತ್ತು.

“ಸವ್ದಿಲ್ಲ ಮೇಷ್ಟ್ರೇ, ಜಾರ್ಯದೆ,” ಎಂದೆ. “ಇದೊಂದ ನಾನು ತೂಗಾಕಿ ನೋಡ್ನಿಲ್ಲ.”

ಹೆಂಗಸು ಗುಂಡನ್ನು ಕೈಯಲ್ಲಿ ಆಡಿಸಿ ತೂಕ ನೋಡಿದಳು.

“ಇದು ನನ್ ತಲ್ಗೆ ಬಿದ್ದಿದ್ರೆ?”

ಅವಳು ಬೈದಿದ್ದರೆ ಸಹಿಸಬಹುದಿತ್ತು. ನಿಜವಾಗಿಯೂ ತಿಳಿಯಲು ಕೇಳಿದಳು, ಉತ್ತರಕ್ಕೆ ಕಾದಳು. ದನಕರ ಓಡಾಡುವ ಜಾಗ, ಇನ್ನು ಇಲ್ಲಿ ಆಡಬೇಡಿ ಎಂದು ಮೇಷ್ಟ್ರಿಗೆ ಹೇಳಿ, ಹೊರೆ ಎತ್ತಿಕೊಡು ಎಂದು ನನ್ನನ್ನು ಕರೆದಳು. ಎತ್ತಿ ಇಡುವಾಗ ನನ್ನ ಕೈ ಅವಳ ತಲೆಗೆ ತಾಗಿತು. ಬಿಸಿಲಿಗೆ ಕೂದಲು ಬೆಚ್ಚಗಿತ್ತು.

ಬಸ್ಸಿನಲ್ಲಿ ಮೇಷ್ಟ್ರು, ಮುಂದೆ ಜನ ಕಂಡೂ ಬೀಸಿದೆ, ತಪ್ಪು ನನ್ನದು ಎಂದರು. ಅವರ ತಪ್ಪಿನಿಂದ ನನ್ನದೇನೂ ಕಡಿಮೆಯಾಗಲಿಲ್ಲ. ಮನೆಗೆ ಬಂದು ಉಳಿದ ಐದನ್ನೂ ಕತ್ತರಿಸಿ ಹಾಕಿದೆ. ಭಯ ರೇಷ್ಮೆಗೂ ಹಬ್ಬಿತು. ಹೊಸೆದ ಎಳೆಯನ್ನೇ ಮತ್ತೆ ಎಳೆದು ನೋಡುವುದು, ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡುವುದು. ಮೂರು ದಿನದ ಕೆಲಸ ಆರು ದಿನವಾಗಿ ಯಜಮಾನರೇ ಗೊಣಗಿದರು.

ಮೇಷ್ಟ್ರು ಮತ್ತೆ ನನ್ನನ್ನು ಕೇಳಲಿಲ್ಲ. ದಸರಾ ರಜೆಗೆ ಮುಂಚೆ ಅಂಗಡಿಯಿಂದ ಕಟ್ಟಿದ ಗಾಳಗಳನ್ನೇ ತರಿಸಿಕೊಂಡಿದ್ದರು. ತಡೆಯಲಾರದೆ ಒಮ್ಮೆ ತೋರಿಸಿ ಎಂದೆ. ಗಂಟು ಬಿಗಿದ ಕಡೆಯೆಲ್ಲ ದಾರ ಬಿಳಿಚಿಕೊಂಡಿತ್ತು. ಯಾರೋ ಒಣದಾರವನ್ನೇ ಎಳೆದಿದ್ದರು. ಕಟ್ಟಿದರೂ ಭಯ, ಕಟ್ಟದೆ ಬಿಟ್ಟರೆ ಅದಕ್ಕಿಂತ ಹೆಚ್ಚು ಭಯ. ಎರಡು ದಿನ ಒದ್ದಾಡಿ, ದಾರದ ಉಂಡೆ ಕೊಡಿ ಎಂದು ಕೇಳಿದೆ. ಜನ ಕಂಡರೆ ಬೀಸುವುದಿಲ್ಲ ಎಂದು ಮೇಷ್ಟ್ರಿಂದ ಮಾತು ತೆಗೆದುಕೊಂಡೆ. ಅವರನ್ನೇ ಎದುರಿಗೆ ಕೂರಿಸಿಕೊಂಡು ನಾಲ್ಕು ಕಟ್ಟಿದೆ. ಒಂದೊಂದನ್ನೂ ತೂಗಿಬಿಟ್ಟು ಇಬ್ಬರೂ ಎಣಿಸಿದೆವು.

ಈಗಲೂ ರಜೆ ಬಂದರೆ ಕಟ್ಟಿಕೊಡುತ್ತೇನೆ. ಮೇಷ್ಟ್ರು ಊರಿನಲ್ಲಿರುವಷ್ಟು ದಿನ ನನ್ನ ಫೋನನ್ನು ಎತ್ತುವುದು ನಮ್ಮ ಯಜಮಾನರು. ಅವರು ಆಚೆಯ ಮಾತು ಕೇಳಿಸಿಕೊಳ್ಳುವಾಗ ನಾನು ಅವರ ಮುಖವನ್ನೇ ನೋಡುತ್ತಿರುತ್ತೇನೆ. ಏನಿಲ್ಲ ಕಣಮ್ಮಿ, ಮೀನು ಸಿಕ್ತಂತೆ ಎಂದು ಅವರು ಹೇಳಿದ ಮೇಲೆ ಎದ್ದು ಒಲೆಯ ಕಡೆ ಹೋಗುತ್ತೇನೆ.